ಶುಕ್ರವಾರ ದಾಟದ ದನಿ

ಐವತ್ತು ದಾಟಿದ ಗಂಡಸು ತಾನು ಯಾರ ಅಭಿಮಾನಿ ಎಂದು ಬಾಯಿ ಬಿಡುವ ಮೊದಲು ಸ್ವಲ್ಪ ಯೋಚಿಸಬೇಕು. ಹಳೆಯ ಸಿನಿಮಾ ಹಾಡು ಎಂದರೆ ಜನ ತಲೆದೂಗುತ್ತಾರೆ. ಹಿಂದೂಸ್ತಾನಿ ಎಂದರೆ ಕುರ್ಚಿ ಎಳೆದು ಕೂರಿಸುತ್ತಾರೆ. ರಾಕ್ ಮತ್ತು ಹಿಪ್‌ಹಾಪ್ ಎಂದು ನಾನು ಹೇಳಿದಾಗ ಮಾತ್ರ, ಮನೆಯಲ್ಲಿ ಎಲ್ಲ ಆರಾಮಾಗಿದೆಯಾ ಎಂದು ವಿಚಾರಿಸುತ್ತಾರೆ. ಅದರಲ್ಲೂ ನನಗೆ ಇಷ್ಟವಾಗುವ ರಾಕ್ ಗಾಯಕರು ಹಾಡುವುದೇ ಇಲ್ಲ. ಹೊಟ್ಟೆಯೊಳಗಿನಿಂದ ಹುಲಿಯಂತೆ ಗುರುಗುಟ್ಟುತ್ತಾರೆ. ಅದಕ್ಕೆ ಗ್ರೌಲ್ ಎನ್ನುತ್ತಾರೆ. ಉದ್ದ ಕೂದಲು, ತಲೆಬುರುಡೆ ಚಿತ್ರದ ಬನಿಯನ್, ಕಣ್ಣ ಸುತ್ತ ಕಾಡಿಗೆ. ಇಷ್ಟೆಲ್ಲ ಮಾಡಿ ಲೋಕವನ್ನು ಹೆದರಿಸುವ ಈ ಪುಣ್ಯಾತ್ಮರು ವೇದಿಕೆಯಿಂದ ಇಳಿದ ಕೂಡಲೇ ಗಂಟಲು ಕೆಡಬಾರದೆಂದು ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿಯುತ್ತಾರಂತೆ. ಅದನ್ನು ಎಲ್ಲೋ ಓದಿದ ಮೇಲೆ ನನಗೆ ಅವರ ಮೇಲಿನ ಪ್ರೀತಿ ಇಮ್ಮಡಿಯಾಯಿತು.

ಅಭಿಮಾನ ಅಷ್ಟಕ್ಕೇ ನಿಂತಿದ್ದರೆ ತೊಂದರೆಯಿರಲಿಲ್ಲ. ನನಗೂ ಗ್ರೌಲ್ ಕಲಿಯುವ ಆಸೆ ಹುಟ್ಟಿತು. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಬಚ್ಚಲಲ್ಲಿ ಒಂದು ಭಾನುವಾರ ಪ್ರಯತ್ನಿಸಿದೆ. ನನಗೆ ಉಸಿರು ಕಟ್ಟಿದೆಯೆಂದು ಮಹಡಿಯ ಬಾಡಿಗೆಯವರು ತಮ್ಮ ಇನ್‌ಹೇಲರ್ ಹಿಡಿದುಕೊಂಡು ಓಡಿಬಂದರು. ನನ್ನ ಹೆಂಡತಿ ಸುಮಂಗಲಾ ಬಾಡಿಗೆಯವರಿಗೆ ಕಾಫಿ ಕೊಟ್ಟು ಕಳಿಸಿ, ಇನ್ನು ಮುಂದೆ ಈ ಕಲೆ ಮನೆಯ ಹೊರಗೆ ನಡೆಯಲಿ ಎಂದು ತೀರ್ಪು ಕೊಟ್ಟಳು.

ಹೊರಗೆ ಎಂದರೆ ಎಲ್ಲಿ? ನಾನು ಮಾಚೇನಹಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ ಅಕೌಂಟೆಂಟ್. ಅಲ್ಲಿ ಹಿಂಬದಿಯಲ್ಲೊಂದು ಪ್ಯಾಟರ್ನ್ ರೂಮಿದೆ. ಕಬ್ಬಿಣ ಎರೆಯುವ ಮೊದಲು ಮರಳಿನಲ್ಲಿ ಒತ್ತುವ ಮರದ ಮಾದರಿಗಳನ್ನು ಇಡುವ ಜಾಗ. ಹಳೆಯ ಪಂಪಿನ ಮಾದರಿ, ಚಕ್ರದ ಮಾದರಿ, ಯಾವ ಯಂತ್ರದ್ದೆಂದು ಯಾರಿಗೂ ನೆನಪಿಲ್ಲದ ಮಾದರಿ, ಎಲ್ಲವೂ ಸಾಲಾಗಿ ಧೂಳು ಹೊದ್ದು ಕೂತಿವೆ. ಪಂಪಿನ ಮಾದರಿಗಳಿಗೆ ಎರಡೆರಡು ತೂತಿರುವುದರಿಂದ ಮಬ್ಬುಬೆಳಕಿನಲ್ಲಿ ಅವು ನಮ್ಮನ್ನೇ ನೋಡುತ್ತಿರುವಂತೆ ಕಾಣುತ್ತವೆ. ಪ್ರೇಕ್ಷಕರಿಲ್ಲ ಎಂಬ ಕೊರಗೂ ಬೇಡ. ಮಧ್ಯಾಹ್ನ ಊಟದ ಬಿಡುವಿನಲ್ಲಿ ನನ್ನ ಸಾಧನೆ ಅಲ್ಲಿ ಶುರುವಾಯಿತು.

ಒಂದು ದಿನ ಕರೆಂಟು ಹೋಗಿತ್ತು. ಗ್ರೈಂಡರುಗಳ ಕಿರುಚಾಟ, ಕಂಪ್ರೆಸರ್‌ನ ಗೊರಕೆ ಎಲ್ಲ ಒಮ್ಮೆಗೇ ನಿಂತು ಕಿವಿಯಲ್ಲಿ ಹತ್ತಿ ತುರುಕಿದಂಥ ಮೌನ. ನಾನು ಕಣ್ಣು ಮುಚ್ಚಿ, ಹೊಟ್ಟೆ ಬಿಗಿಹಿಡಿದು ಒಂದು ದೀರ್ಘ ಗುರುಗುಟ್ಟು ಹೊರಡಿಸಿದೆ. ಅದು ನಿಂತ ಮೇಲೆ ತಗಡಿನ ಗೋಡೆಯ ಆಚೆಯಿಂದ ಇನ್ನೊಂದು ಗುರುಗುಟ್ಟು ಬಂತು.

ಮೊದಲು ಪ್ರತಿಧ್ವನಿ ಎಂದುಕೊಂಡೆ. ಪ್ರತಿಧ್ವನಿ ಮೂಲಕ್ಕಿಂತ ಚೆನ್ನಾಗಿರುವುದು ಹೇಗೆ ಎಂಬ ಅನುಮಾನ ಆಮೇಲೆ ಬಂತು. ಅದು ಗಂಟಲಿನ ದನಿಯಲ್ಲ. ಬಾವಿಯ ತಳದಲ್ಲಿ ಯಾರೋ ಕಲ್ಲು ಸರಿಸಿದ ಹಾಗಿತ್ತು. ಕೇಳುತ್ತಿದ್ದಂತೆ ಅದು ಮಾತಾಯಿತು. 'ಸೋಮವಾರ' ಎಂದಿತು. ಸ್ವಲ್ಪ ಹೊತ್ತು ಬಿಟ್ಟು 'ಮಂಗಳವಾರ'. ಬುಧವಾರ, ಗುರುವಾರ ಬಂದವು. ಆಮೇಲೆ ಏನೋ ಎಳೆದಂತೆ, ಹಿಸುಕಿದಂತೆ ಸದ್ದಾಗಿ ನಿಂತುಹೋಯಿತು. ಮತ್ತೆ ಮೊದಲಿನಿಂದ, ಸೋಮವಾರ. ನಾನು ಊಟದ ಡಬ್ಬಿ ಅಲ್ಲೇ ಬಿಟ್ಟು ಬಂದೆ. ನಡೆದೇ ಬಂದೆ ಎಂದು ಈಗಲೂ ಹೇಳುತ್ತೇನೆ.

ಮೋಲ್ಡಿಂಗ್ ವಿಭಾಗದ ಮುರುಗನ್ ಭದ್ರಾವತಿಯವನು, ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಳಬ. ಗೋಡೆಯಾಚೆ ಏನಿದೆ ಎಂದು ಅವನನ್ನು ಮೆಲ್ಲಗೆ ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. "ಆ ಶೆಡ್ಡು ಮುಚ್ಚಿ ಎಷ್ಟೋ ವರ್ಷ ಆಯ್ತು ಸಾರ್. ಅಲ್ಲಿಂದ ಏನಾದ್ರೂ ಕೇಳಿದ್ರೆ, ಕೇಳ್ಲಿಲ್ಲ ಅಂದ್ಕೊಳ್ಳಿ" ಎಂದ.

ಬುದ್ಧಿವಂತನಾದವನು ಹಾಗೇ ಅಂದುಕೊಳ್ಳುತ್ತಿದ್ದ. ಆದರೆ ಅಭಿಮಾನಿಗೆ ಬುದ್ಧಿ ಇರುವುದಿಲ್ಲ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ತಗಡಿಗೆ ಕಿವಿ ಹಚ್ಚಿದರೆ ಯಂತ್ರಗಳ ಸದ್ದಿನ ನಡುವೆಯೂ ಕೇಳಿಸುತ್ತಿತ್ತು. ಪ್ರತಿದಿನವೂ ಆ ದನಿ ವಾರದ ದಿನಗಳನ್ನು ಹೇಳುತ್ತ ಬಂದು ಶುಕ್ರವಾರದ ಹೊಸ್ತಿಲಲ್ಲಿ ಎಡವುತ್ತಿತ್ತು. ಭೂತವೇ ಆಗಿದ್ದರೆ ಅದಕ್ಕೆ ವಾರದ ದಿನಗಳಿಂದ ಏನಾಗಬೇಕು? ಒಂದು ವೇಳೆ ಶುಕ್ರವಾರ ಸತ್ತ ಆತ್ಮವೋ ಎಂಬ ಯೋಚನೆ ಬಂದು ಮೈ ಜುಮ್ಮೆಂದಿತು. ಅದರ ಬೆನ್ನಿಗೇ, ಯಾರಾದರೂ ಮಹಾನ್ ಗಾಯಕ ಹೊಸ ಹಾಡಿನ ತಾಲೀಮು ನಡೆಸುತ್ತಿರಬಹುದು, ಸಾಹಿತ್ಯ ಸ್ವಲ್ಪ ಬಡವಾಗಿದೆ ಅಷ್ಟೇ ಎಂದೂ ಅನಿಸಿತು. ಕೊನೆಗೊಂದು ಮಧ್ಯಾಹ್ನ, ಹೆದರಿಕೆಗಿಂತ ಹೊಟ್ಟೆಕಿಚ್ಚು ಹೆಚ್ಚಾಗಿ, ಕಾಂಪೌಂಡು ಸುತ್ತಿ ಹಿಂದಿನ ಶೆಡ್ಡಿನ ಬಾಗಿಲು ತಳ್ಳಿದೆ.

ಒಳಗೆ ಸ್ಟೂಲಿನ ಮೇಲೆ ಖಾಕಿ ಅಂಗಿಯ ಒಬ್ಬರು ಗೋಡೆಗೆ ಮುಖ ಮಾಡಿ ಕೂತಿದ್ದರು. ತಿರುಗಿದರು. ಕತ್ತಿನ ಬುಡಕ್ಕೆ ಬಿಳಿ ಕರವಸ್ತ್ರ ಕಟ್ಟಿಕೊಂಡಿದ್ದರು. ಬಾಯಿ ಮುಚ್ಚಿತ್ತು, ಮೂಗಿನ ಹೊಳ್ಳೆ ಅಲುಗುತ್ತಿರಲಿಲ್ಲ. ಆ ಕರವಸ್ತ್ರ ಮಾತ್ರ ಮೆಲ್ಲಗೆ ಉಬ್ಬುತ್ತ, ತಗ್ಗುತ್ತ ಉಸಿರಾಡುತ್ತಿತ್ತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಗಾಳಿ ನುಂಗಿದರು. ಆ ದನಿ ಅವರೊಳಗಿನಿಂದ ಎದ್ದು ಬಂತು.

"ಹೆದ್ರ್ಕೋ... ಬೇಡಿ ಸಾರ್."

ಅವರ ಹೆಸರು ಪಾಂಡುರಂಗ. ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾದವರು. ಖಾಲಿ ಶೆಡ್ಡಿಗೆ ಹಗಲು ವಾಚ್‌ಮನ್ ಆಗಿ ಈಚೆಗೆ ಸೇರಿದ್ದರು. ಹಿಂದೆ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಗಣಪತಿ ಕೂರಿಸಿದರೆ ಆರ್ಕೆಸ್ಟ್ರಾದಲ್ಲಿ ಇವರದೇ ಹಾಡು. ಮೆಲೋಡಿ ಪಾಂಡು ಎಂದೇ ಕರೆಯುತ್ತಿದ್ದರಂತೆ. ಗಂಟಲಲ್ಲಿ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಈಗ ಉಸಿರಾಟ ಕತ್ತಿನ ತೂತಿನಿಂದ, ಮಾತು ತೇಗಿನಿಂದ. ಗಾಳಿ ನುಂಗಿ, ತೇಗಿ, ಆ ತೇಗನ್ನೇ ಅಕ್ಷರವಾಗಿ ತಿರುಗಿಸುವುದನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ದಿನಾ ವಾರದ ಹೆಸರು ಹೇಳಿ ಅಭ್ಯಾಸ ಮಾಡಬೇಕು. ಗುರುವಾರಕ್ಕೆ ನುಂಗಿದ ಗಾಳಿ ಮುಗಿದು ಶುಕ್ರವಾರ ಕೈಕೊಡುತ್ತಿತ್ತು. ಇಷ್ಟನ್ನು ಅವರು ಎರಡೆರಡು ಅಕ್ಷರವಾಗಿ ಹೇಳುವ ಹೊತ್ತಿಗೆ ನನ್ನ ಊಟದ ಬಿಡುವು ಮುಗಿದಿತ್ತು.

ಮನೆಯಲ್ಲೇ ಯಾಕೆ ಅಭ್ಯಾಸ ಮಾಡುವುದಿಲ್ಲ ಎಂದು ಮರುದಿನ ಕೇಳಿದೆ. ಮೊದಲ ಸಲ ಮಾತು ಬಂದಾಗ ಅವರು ಸಂತೋಷದಿಂದ ಅಡುಗೆಮನೆಗೆ ಹೋಗಿ ಹೆಂಡತಿಯ ಬೆನ್ನ ಹಿಂದೆ ನಿಂತು 'ಲಲಿತಾ' ಎಂದರಂತೆ. ಆಕೆ ಸೌಟು ಎಸೆದು ಬೀದಿಗೆ ಓಡಿದರಂತೆ. ಆಮೇಲೆ ಒಳಗೆ ಬಂದು, ತನ್ನ ಗಂಡನ ಬಾಯಲ್ಲಿ ಬೇರೆ ಯಾರೋ ಕೂತಿದ್ದಾರೆ ಎಂದು ಬಹಳ ಹೊತ್ತು ಅತ್ತರಂತೆ. ಆಕೆ ಇವರನ್ನು ಮದುವೆಯಾಗಿದ್ದೇ ಪೆಂಡಾಲಿನಲ್ಲಿ ಹಾಡು ಕೇಳಿ. ಅಂದಿನಿಂದ ಪಾಂಡುರಂಗ ಮನೆಯಲ್ಲಿ ಕೈಸನ್ನೆ ಬಿಟ್ಟು ಬೇರೆ ಮಾತಾಡಿಲ್ಲ.

ಅಭಿಮಾನಿಗಳೆಲ್ಲ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಮೊಬೈಲು ತೆಗೆದು ನನ್ನ ಮೆಚ್ಚಿನ ಹಾಡು ಕೇಳಿಸಿದೆ. ಅವರು ಕಣ್ಣು ಕಿರಿದು ಮಾಡಿ ಕೊನೆಯವರೆಗೂ ಕೇಳಿದರು.

"ಇವ್ರಿಗೂ... ಆಪ್ರೇಷನ್... ಆಗಿದ್ಯಾ?"

ಇಲ್ಲ, ಬೇಕೆಂದೇ ಹೀಗೆ ಹಾಡುತ್ತಾರೆ, ಜನ ಟಿಕೆಟು ತಗೊಂಡು ಬಂದು ಕೇಳುತ್ತಾರೆ ಎಂದೆ. ಅವರ ಭುಜ ಕುಲುಕತೊಡಗಿತು. ಬಾಯಿ ಅಗಲವಾಗಿ ತೆರೆದಿತ್ತು. ಸದ್ದೇ ಇಲ್ಲ. ಕರವಸ್ತ್ರ ಮಾತ್ರ ಪಟಪಟನೆ ಬಡಿದುಕೊಂಡಿತು. ನಗುತ್ತಿದ್ದಾರೆ ಎಂದು ತಿಳಿಯುವವರೆಗೆ ನನ್ನ ಜೀವ ಬಾಯಿಗೆ ಬಂದಿತ್ತು.

ಗ್ರೌಲ್ ಅವರಿಗೆ ಹಿಡಿಸಲಿಲ್ಲ. ಹಿಪ್‌ಹಾಪ್ ಬಗ್ಗೆಯಂತೂ ತಾತ್ಸಾರ. ಬರೀ ಮಾತಾಡುವುದು ಹಾಡು ಹೇಗಾಗುತ್ತದೆ ಎಂದು ಮೆಲೋಡಿಯವರು ಕೇಳುವುದು ಸಹಜವೇ. ನನ್ನ ಲೆಕ್ಕದಲ್ಲಿ ಹಿಪ್‌ಹಾಪ್ ಹೇಳುವ ರ್‍ಯಾಪರ್‌ಗಳ ಹೆಚ್ಚುಗಾರಿಕೆ ಮಾತಿನಲ್ಲಿಲ್ಲ, ಮಾತಿನ ನಡುವಿನ ಸಂದಿಯಲ್ಲಿದೆ. ಎಲ್ಲಿ ನಿಲ್ಲಿಸಿ ಎಲ್ಲಿ ಉಸಿರು ಕದಿಯುತ್ತಾರೋ ಅಲ್ಲೇ ಕೇಳುವವನ ತಲೆ ತಾನಾಗಿ ಅಲ್ಲಾಡುತ್ತದೆ. ಇದನ್ನು ಸುಮಂಗಲಾಗೆ ಹಲವು ಸಲ ವಿವರಿಸಿದ್ದೇನೆ, ಅವಳು ಎದ್ದುಹೋಗಿದ್ದಾಳೆ. ಪಾಂಡುರಂಗ ಎದ್ದುಹೋಗಲಿಲ್ಲ. ನಾನೊಂದು ಮರದ ಡಬ್ಬ ಹುಡುಕಿ ತಾಳ ಬಡಿಯುತ್ತ, ಗುರುವಾರ ಆದ ಮೇಲೆ ಒಂದು ಏಟು ಖಾಲಿ ಬಿಡಿ, ಆ ಖಾಲಿ ಜಾಗದಲ್ಲಿ ಗಾಳಿ ನುಂಗಿ ಎಂದೆ. ಆರ್ಕೆಸ್ಟ್ರಾದ ಮನುಷ್ಯ, ತಾಳ ರಕ್ತದಲ್ಲೇ ಇತ್ತು. ಕೆಲವು ದಿನ ತಪ್ಪಿತು. ಆಮೇಲೊಂದು ಮಧ್ಯಾಹ್ನ ಸೋಮ, ಮಂಗಳ, ಬುಧ, ಗುರು ಸಾಲಾಗಿ ಬಂದವು. ನನ್ನ ಕೈ ಗಾಳಿಯಲ್ಲಿ ನಿಂತಿತು. ಖಾಲಿ ಶೆಡ್ಡಿನ ನಡುವೆ ಆ ದನಿ 'ಶುಕ್ರವಾರ' ಎಂದು, ಅದೇ ಓಟದಲ್ಲಿ ಶನಿವಾರ, ಭಾನುವಾರವನ್ನೂ ಮುಗಿಸಿತು. ಅವರ ಕಣ್ಣಲ್ಲಿ ನೀರಿತ್ತು. ಗೋಡೆಯಾಚೆ ಮುರುಗನ್ ಯಾವುದೋ ದೇವರ ಹೆಸರು ಹೇಳುತ್ತ ಓಡಿದ ಸದ್ದು ಕೇಳಿಸಿತು.

ಲಲಿತಮ್ಮನ ಎದುರು ಮಾತಾಡುವ ಉಪಾಯ ಪಾಂಡುರಂಗರದೇ. ಮೊದಲು ನನ್ನ ಗಾಯಕರನ್ನು ಕೇಳಿಸಿ ಆಕೆಯ ಕಿವಿಯನ್ನು ಹದ ಮಾಡಬೇಕು, ಅವರ ಮುಂದೆ ತಮ್ಮ ದನಿ ಮೆತ್ತಗೆ ಕೇಳಿಸುತ್ತದೆ ಎಂಬುದು ಅವರ ಲೆಕ್ಕ. ಭಾನುವಾರ ಬೆಳಿಗ್ಗೆ ಸುಮಂಗಲಾಳನ್ನೂ ಕರೆದುಕೊಂಡು ಭದ್ರಾವತಿಯ ಅವರ ಮನೆಗೆ ಹೋದೆ. ಲಲಿತಮ್ಮ ಕಾಫಿ ಕೊಟ್ಟರು. ನಾನು ಮೊಬೈಲನ್ನು ಮೇಜಿನ ಮೇಲಿಟ್ಟು ಹಾಡು ಹಚ್ಚಿದೆ. ಆಕೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಬಂದವರ ಮನಸ್ಸು ನೋಯಿಸಬಾರದೆಂಬ ಸೌಜನ್ಯದಿಂದ ಕೇಳುತ್ತ ಕೂತರು. ಹಾಡು ಮುಗಿಯಿತು. ಮೊಬೈಲಿನ ಬೆಳಕೂ ಆರಿತು. ಆಮೇಲೆ ಅದೇ ಬಗೆಯ ದನಿ ನಿಧಾನವಾಗಿ ಹೇಳಿತು.

"ಲಲಿತಾ... ಕಾಫಿಗೆ... ಸಕ್ರೆ ಸಾಲ್ದು."

ಆಕೆ ಮೊಬೈಲು ನೋಡಿದರು. ಅದು ಕಪ್ಪಗಿತ್ತು. ಮುಖದ ಬಣ್ಣ ಇಳಿಯಿತು. ಸುಮಂಗಲಾ ನನ್ನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಳು. ಲಲಿತಮ್ಮ ಬಹಳ ನಿಧಾನವಾಗಿ ಗಂಡನ ಕಡೆಗೆ ತಿರುಗಿದರು. ಬಾಗಿಲು ಆಕೆಯ ಪಕ್ಕದಲ್ಲೇ ಇತ್ತು. ಓಡುತ್ತಾರೆ ಎಂದುಕೊಂಡೆ. ಆಕೆ ಕೂತೇ ಇದ್ದರು.

"ಇನ್ನೊಂದ್ಸಲ ಹೇಳಿ" ಎಂದರು.

ಅವರು ಗಾಳಿ ನುಂಗಿ ಇನ್ನೊಮ್ಮೆ ಹೇಳಿದರು. ಆಕೆ ಕಣ್ಣು ಮುಚ್ಚಿ ಕೇಳಿದರು. ಆ ದನಿಯೊಳಗೆ ಎಲ್ಲೋ ಹಳೆಯ ಮನುಷ್ಯನನ್ನು ಹುಡುಕುತ್ತಿದ್ದಂತೆ ಕಂಡಿತು. ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು. "ಸಕ್ರೆ ಡಾಕ್ಟ್ರು ಬೇಡ ಅಂದಿದಾರೆ. ಸುಮ್ನೆ ಕುಡೀರಿ" ಎಂದರು. ಪಾಂಡುರಂಗ ಸುಮ್ಮನೆ ಕುಡಿದರು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಗಂಡಹೆಂಡಿರ ಮೊದಲ ಜಗಳ ಅದು.

ಈಗ ಅವರಿಗೆ ರ್‍ಯಾಪಿನ ಹುಚ್ಚು ಹಿಡಿದಿದೆ. ವಾರದ ಹೆಸರು ಸಾಕಾಗಿ ಭದ್ರಾವತಿಯಿಂದ ಶಿವಮೊಗ್ಗದವರೆಗಿನ ಬಸ್‌ಸ್ಟಾಪುಗಳನ್ನು ತಾಳಕ್ಕೆ ಕೂರಿಸಿದ್ದಾರೆ. ನನ್ನನ್ನು ಡಬ್ಬ ಬಡಿಯುವುದಕ್ಕೆ ಇಟ್ಟುಕೊಂಡಿದ್ದಾರೆ. ನಾನು ಒಮ್ಮೆ ಗ್ರೌಲ್ ಸೇರಿಸಲು ಹೋದಾಗ ಕೈ ಎತ್ತಿ ನಿಲ್ಲಿಸಿದರು. ಇಷ್ಟಾದರೂ ನನ್ನದೊಂದು ಗುಟ್ಟು ಉಳಿದಿತ್ತು. ನಾನು ಬೇರೆಲ್ಲೋ ನೋಡುತ್ತಿರುವಾಗ ಬೆನ್ನ ಹಿಂದಿನಿಂದ ಆ ದನಿ 'ಸಾರ್' ಎಂದರೆ ಇವತ್ತಿಗೂ ನನ್ನ ತೋಳಿನ ರೋಮ ಎದ್ದು ನಿಲ್ಲುತ್ತದೆ. ಮೊನ್ನೆ ಅವರು ಅದನ್ನು ಗಮನಿಸಿಬಿಟ್ಟರು. ಬಗ್ಗಿ ನನ್ನ ತೋಳನ್ನೇ ನೋಡಿ ಕೇಳಿದರು.

"ಇದು... ಭಯಾನಾ... ಅಭಿಮಾನಾನಾ?"

ಅಭಿಮಾನ ಎಂದೆ. ಅಷ್ಟು ಹೊತ್ತಿಗೆ ನಾನು ಬಾಗಿಲ ಹತ್ತಿರ ಬಂದಾಗಿತ್ತು.