ಬಾಯಿ ಬಿಡಿಸುವ ಚೀಲ

ಮಂಡ್ಯ ಸೀಮೆಯಲ್ಲಿ ನಿಂತು ‘ನಾನು ಮಾತು ಕಲಿಸುವವಳು’ ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಅನುಮಾನ ಪಡುತ್ತಾರೆ. ಮದ್ದೂರು ಬಸ್ ಸ್ಟ್ಯಾಂಡಿನ ಹೂವಿನವಳಂತೂ ಮುಖದ ಮೇಲೇ ಹೇಳಿಬಿಟ್ಟಳು: “ಇಲ್ಲಿ ಮಾತ್ ಬರ್ದೇ ಇರೋರು ಯಾರವ್ವಾ ಅವ್ರೆ? ಮಾತ್ ಕಮ್ಮಿ ಮಾಡೋ ಡಾಕ್ಟ್ರು ಇದ್ರೆ ಕರ್ಕೊಂಬಾ, ಮದ್ಲು ನಮ್ಮನೆಗೇ ಕರ್ಕೊಂಡೋಗ್ತೀನಿ.”

ನನ್ನ ಕೆಲಸ ಸರ್ಕಾರಿ ಶಾಲೆಗಳಿಗೆ ಹೋಗುವುದು. ಮಾತು ತಡವಾದ, ತೊದಲುವ, ಅಕ್ಷರ ನುಂಗುವ ಮಕ್ಕಳ ಜೊತೆ ಕೂತು ಆಡಿಸುವುದು, ಚಿತ್ರ ತೋರಿಸುವುದು, ಓದಿಸುವುದು. ಮಂಡ್ಯದ ಗುತ್ತಲು ಬಡಾವಣೆಯ ಮನೆಯಿಂದ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟರೆ, ಸಂಜೆ ವಾಪಸ್ ಬರುವಷ್ಟರಲ್ಲಿ ಏನಾದರೊಂದು ಆಗಿಯೇ ಇರುತ್ತದೆ. ಏನೂ ಆಗದ ದಿನ ನನಗೇ ಊಟ ಸೇರುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಒಂದೇ ವರ್ಷದ್ದು. ಆ ವರ್ಷ ನನ್ನ ನಿದ್ದೆ ಕೆಡಿಸಿದವಳು ಮಳವಳ್ಳಿ ಕಡೆಯ ಹಳ್ಳಿ ಶಾಲೆಯೊಂದರ ಒಂದನೇ ಕ್ಲಾಸಿನ ಹುಡುಗಿ. ಕಿವಿ ಪರೀಕ್ಷೆ ಆಗಿತ್ತು, ಏನೂ ತೊಂದರೆ ಇರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಆದರೆ ಶಾಲೆಗೆ ಸೇರಿದ ಮೇಲೆ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಹೆಡ್‌ಮಾಸ್ಟರು ಕೆಟ್ಟವರಲ್ಲ, ಪುಕ್ಕಲರು. “ನಾವು ಇಟ್ಟುಕೊಂಡು ಮಗುಗೆ ಅನ್ಯಾಯ ಮಾಡೋದು ಬೇಡ ಮೇಡಂ. ಅಧಿಕಾರಿಗಳು ಬಂದಾಗ ತೋರಿಸಿ, ಮೈಸೂರು ಕಡೆ ಹಾಸ್ಟೆಲ್ ಇರೋ ವಿಶೇಷ ಶಾಲೆಗೆ ಬರೆಸಿಬಿಡೋಣ” ಅಂದರು. ಅಜ್ಜಿಯ ಸೆರಗು ಬಿಟ್ಟು ಒಂದು ರಾತ್ರಿ ಮಲಗದ ಮಗು ಅದು, ಅದಕ್ಕೆ ಹಾಸ್ಟೆಲ್ಲು! ನನಗೆ ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು. ಅಧಿಕಾರಿ ಬರುವುದರೊಳಗೆ ಅವಳು ಶಾಲೆಯಲ್ಲಿ ಮಾತಾಡಲೇಬೇಕಿತ್ತು.

ಪಕ್ಕದ ಸೀಟು

ಅವಳಿಗೋಸ್ಕರ ಮನೆಯಲ್ಲಿದ್ದ ಸಾಮಾನೆಲ್ಲ ಚೀಲಕ್ಕೆ ತುಂಬಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ. ಬಾಯಿ ಹೇಗೆ ಆಡುತ್ತದೆ ಅಂತ ಮಗು ನೋಡಿಕೊಳ್ಳಲು ಕನ್ನಡಿ. ಊದಲು ಮೇಣದಬತ್ತಿ. ಉಸಿರಿಗೆ ಅಲ್ಲಾಡಿಸಲು ನವಿಲುಗರಿ. ಕಥೆ ಹೇಳಲು ನಾನೇ ಹೊಲಿದ ಬಟ್ಟೆಗೊಂಬೆ. ಅದರ ಕಣ್ಣಿಗೆ ಎರಡು ಕಪ್ಪು ಗುಂಡಿ, ಸೊಂಟಕ್ಕೆ ಕೆಂಪು ದಾರ.

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬಂತು. ಡ್ರೈವರು ಬ್ರೇಕ್ ಒತ್ತಿದ ಹೊಡೆತಕ್ಕೆ ಚೀಲ ಮಗುಚಿ ಎಲ್ಲ ಸಾಮಾನೂ ಬಸ್ಸಿನ ನಡುವೆ ಹರಡಿಕೊಂಡಿತು. ಗೊಂಬೆ ಅಂಗಾತ ಬಿತ್ತು. ಅದರ ಎದೆ ಮೇಲೆ ನವಿಲುಗರಿ, ಪಕ್ಕದಲ್ಲಿ ಮೇಣದಬತ್ತಿ.

ಅಕ್ಕಪಕ್ಕದವರೆಲ್ಲ ಕಾಲು ಮೇಲೆತ್ತಿಕೊಂಡರು. ನನ್ನ ಪಕ್ಕ ಕೂತಿದ್ದ ಹೆಂಗಸು ಮೆಲ್ಲಗೆ ಎದ್ದು, ಅಷ್ಟು ರಶ್ಶಿನಲ್ಲೂ ಹೋಗಿ ಕಂಬ ಹಿಡಿದು ನಿಂತಳು. ಆ ಸೀಟಿಗೆ ಇನ್ನೊಬ್ಬರು ಬರಲಿಲ್ಲ. ಕಂಡಕ್ಟರು ಬಗ್ಗಿ ಮೆಲುದನಿಯಲ್ಲಿ, “ಅಕ್ಕ, ಇವತ್ತು ಯಾರ ಮನೇಲಿ?” ಅಂತ ಕೇಳಿದ.

“ಇದು ಮಕ್ಕಳಿಗೆ ಮಾತು ಕಲಿಸೋ ಸಾಮಾನು ಕಣಪ್ಪ” ಅಂದೆ.

“ಔದೌದು ಬುಡಿ. ಯಾರ್ ತಾನೇ ಬಾಯ್ಬುಟ್ಟು ಒಪ್ಕತಾರೆ” ಅಂತ ಹಿಂದಿನ ಸೀಟಿನ ಯಜಮಾನರು ತೀರ್ಪು ಕೊಟ್ಟರು.

ಮಳವಳ್ಳಿವರೆಗೂ ಎರಡು ಸೀಟಿನಲ್ಲಿ ಕಾಲು ಚಾಚಿ ರಾಣಿಯ ಹಾಗೆ ಹೋದೆ. ಇಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಎದ್ದು ಹೋಗಿದ್ದ ಅದೇ ಹೆಂಗಸು ಹಿಂದಿನಿಂದ ಓಡಿ ಬಂದು ನನ್ನ ಕೈ ಹಿಡಿದಳು. “ಅಕ್ಕಾ, ನಮ್ ನಾದ್ನಿದು ಬಾಯಿ ಕಟ್ಟಾಕ್ಬೇಕು. ಏನ್ ತಕ್ಕತೀಯೆ?”

“ಬಾಯಿ ಕಟ್ಟೋದು ನನಗೆ ಗೊತ್ತಿಲ್ಲಮ್ಮ. ನನ್ನದೇನಿದ್ದರೂ ಬಿಡಿಸೋ ಕೆಲಸ.”

ಅವಳು ನನ್ನ ಕೈ ಥಟ್ಟನೆ ಬಿಟ್ಟಳು. “ಅಯ್ಯೋ, ಅವಳ್ದು ಆಗ್ಲೇ ಬುಟ್ಟೇ ಅದೆ ಕಣೇಳು!”

ಕರೆಂಟ್ ಕಾರ್ಡು

ಮದ್ದೂರಿನ ಒಂದು ಶಾಲೆಯಲ್ಲಿ ವಾರಕ್ಕೊಮ್ಮೆ ನನ್ನ ಕ್ಲಾಸು. ಅಲ್ಲಿ ತೊದಲುವ ಹುಡುಗನೊಬ್ಬನಿದ್ದ. ಕಥೆ ಕಟ್ಟಿಸಲು ಅಂಗಡಿಯಿಂದ ತಂದ ನಾಲ್ಕು ಕಾರ್ಡು ಅವನ ಮುಂದಿಟ್ಟೆ. ಒಂದರಲ್ಲಿ ಮನುಷ್ಯ ಬೀಜ ಬಿತ್ತುತ್ತಾನೆ, ಇನ್ನೊಂದರಲ್ಲಿ ನೀರು ಹಾಕುತ್ತಾನೆ, ಆಮೇಲೆ ಗಿಡ ಬೆಳೆಯುತ್ತದೆ, ಕೊನೆಗೆ ಹಣ್ಣು ತಿನ್ನುತ್ತಾನೆ. ಸರಿಯಾಗಿ ಜೋಡಿಸಿ ಹೇಳಿದರೆ ಆಯಿತು. ಪುಟ್ಟ ಮಕ್ಕಳೂ ಮಾಡುತ್ತವೆ.

ಹುಡುಗ ಬೀಜದ ಕಾರ್ಡು ಇಟ್ಟ. ನೀರಿನ ಕಾರ್ಡು ಕೈಗೆತ್ತಿಕೊಂಡು, ಇಡದೆ ನನ್ನ ಮುಖ ನೋಡಿದ. ಮಾತು ಸಿಕ್ಕಿಕೊಂಡಿದೆ ಅಂದುಕೊಂಡು ಸುಮ್ಮನೆ ಕಾದೆ. ಕಾಯುವುದೇ ನಮ್ಮ ಕೆಲಸದ ಅರ್ಧ.

“ಮಿಸ್, ಕ... ಕ... ಕರೆಂಟ್ ಕಾರ್ಡು ಎಲ್ಲಿ?”

“ಕರೆಂಟ್ ಕಾರ್ಡು ಯಾಕೋ?”

“ಕರೆಂಟ್ ಇಲ್ದೆ ನೀರ್ ಎಂಗ್ ಬತ್ತದೆ? ಮೋಟ್ರು ಆನ್ ಆಗ್ಬೇಕಲ್ಲ!”

ನ್ಯಾಯವಾದ ಮಾತು. ಒಂದು ರಟ್ಟಿನ ಮೇಲೆ ಮೋಟರು, ಸ್ವಿಚ್ಚು ಬರೆದು ಕೊಟ್ಟೆ. ಅಷ್ಟರಲ್ಲಿ ಪಕ್ಕದ ಹುಡುಗಿ ಎದ್ದು, “ಮಿಸ್, ನಮ್ ಕಡೆ ಟ್ರಾನ್ಸ್‌ಫಾರ್ಮರ್ ಸುಟ್ಟೋಗದೆ, ಅದ್ರದ್ದೂ ಬರೀರಿ” ಅಂದಳು. ಅದನ್ನೂ ಬರೆದೆ. ಲೈನ್‌ಮ್ಯಾನಿಗೆ ಫೋನ್ ಮಾಡುವ ಕಾರ್ಡು ಬಂತು. ಲೈನ್‌ಮ್ಯಾನು ಫೋನ್ ಎತ್ತದ ಕಾರ್ಡು ಬಂತು. ತೊದಲುವ ಹುಡುಗ ಲೈನ್‌ಮ್ಯಾನಿನ ಪಾತ್ರ ವಹಿಸಿಕೊಂಡು, ಆಡಬೇಕಾದ್ದು ಆಡಬಾರದ್ದು ಎಲ್ಲ ಒಂದೇ ಉಸಿರಿಗೆ ಆಡಿದ. ಒಂದು ಕಡೆಯೂ ತೊದಲಲಿಲ್ಲ. ಖುಷಿಯಲ್ಲಿ ನಾನು ಬೈಯುವುದನ್ನೇ ಮರೆತೆ.

ಮಾರನೇ ದಿನ ಅದೇ ಕಾರ್ಡುಗಳನ್ನು ಮಳವಳ್ಳಿ ಹುಡುಗಿಯ ಮುಂದೆ ಹರಡಿದೆ. ಅವಳು ಮಾತಾಡಲಿಲ್ಲ. ಆದರೆ ಫೋನ್ ಎತ್ತದ ಲೈನ್‌ಮ್ಯಾನನ್ನು ಒಂದು ಕ್ಷಣ ನೋಡಿ, ತೆಗೆದು ಬೋರಲು ಹಾಕಿದಳು. ತಲೆ ಚುರುಕಾಗಿಯೇ ಇದೆ ಅಂತ ನನಗೆ ಧೈರ್ಯ ಬಂತು. ಆ ಕಥೆ ಮಾತ್ರ ಇವತ್ತಿಗೂ ಎರಡೂ ಶಾಲೆಗಳಲ್ಲಿ ನಡೆಯುತ್ತಲೇ ಇದೆ, ಹಣ್ಣು ತಿನ್ನುವ ಕಾರ್ಡಿನವರೆಗೆ ಯಾರೂ ಹೋಗಿ ಮುಟ್ಟಿಲ್ಲ.

ಅಜ್ಜಿಯ ಎಲೆ ಅಡಿಕೆ

ಚೀಲದ ಸಾಮಾನೆಲ್ಲ ಆಡಿಸಿ ಮುಗಿದರೂ ಫಲ ಕಾಣದೆ ಮಳವಳ್ಳಿ ಹುಡುಗಿಯ ಮನೆಗೇ ಹೋದೆ. ಅಪ್ಪ ಅಮ್ಮ ಗದ್ದೆಗೆ ಹೋಗಿದ್ದರು. ಜಗಲಿಯಲ್ಲಿ ಅಜ್ಜಿ, ಅವರ ಮಗ್ಗುಲಲ್ಲಿ ಮೊಮ್ಮಗಳು. ತಾತ ಒಂದು ಮೂಲೆಯಲ್ಲಿ ಕೂತು ಕೆಮ್ಮುತ್ತಿದ್ದರು.

“ಏನ್ ಊಟ ಮಾಡಿದೆ ಪುಟ್ಟಿ?” ಅಂತ ಹುಡುಗಿಯನ್ನು ಕೇಳಿದೆ.

“ಮುದ್ದೆ, ಉಪ್ಸಾರು” ಅಂದರು ಅಜ್ಜಿ.

“ಅಜ್ಜಿ, ಅವಳೇ ಹೇಳಲಿ. ಪುಟ್ಟಿ, ನಿನಗೆ ಯಾವ ಬಣ್ಣ ಇಷ್ಟ?”

“ಕ್ಯಾಂಪು” ಅಂದರು ಅಜ್ಜಿ.

“ಅಜ್ಜೀ!”

“ನಾನೆಲ್ಲವ್ವಾ ಯೋಳ್ದೆ? ಅವಳ್ ಮನ್ಸಲ್ ಇದ್ದಿದ್ದು ಆಚೀಕ್ ಬಂತು.”

ರೋಗ ಎಲ್ಲಿದೆ ಅಂತ ಗೊತ್ತಾಯಿತು. ಮಗು ನೀರಿನ ಕಡೆ ನೋಡುವುದರೊಳಗೆ ಲೋಟ ಬರುತ್ತಿತ್ತು. ಹುಬ್ಬು ಗಂಟಿಕ್ಕುವುದರೊಳಗೆ ಬೀಸಣಿಗೆ ಬರುತ್ತಿತ್ತು. ಪಾಪ, ಬಾಯಿ ಬಿಡಲು ಅದಕ್ಕೆ ಪುರುಸೊತ್ತಾದರೂ ಎಲ್ಲಿ?

ಅಜ್ಜಿಗೆ ನಾನೇ ಎಲೆ ಅಡಿಕೆ ಮಡಿಸಿ, ಬಾಯಿ ತುಂಬುವಷ್ಟು ಕೊಟ್ಟೆ. ಈಗ ಮಾತಾಡಿದರೆ ಸೀರೆ ಕೆಡುತ್ತದೆ ಅಂತ ನನ್ನ ಲೆಕ್ಕ. “ಪುಟ್ಟಿ, ನಿಮ್ಮ ಮನೇಲಿ ಎಷ್ಟು ಹಸು ಇದೆ?” ಅಂದೆ. ಅಜ್ಜಿ ತುಟಿ ಬಿಗಿಹಿಡಿದು ಎರಡು ಬೆರಳು ಎತ್ತಿದರು. ಆ ಕೈ ಹಿಡಿದುಕೊಂಡೆ. ಇನ್ನೊಂದು ಕೈ ಎತ್ತಿದರು. ಅದನ್ನೂ ಹಿಡಿದುಕೊಂಡೆ. ಅಜ್ಜಿ ಕಾಲ್ಬೆರಳು ಅಲ್ಲಾಡಿಸಿದರು.

ಹುಡುಗಿ ಕಿಲಕಿಲ ನಕ್ಕುಬಿಟ್ಟಳು. ನಾನು ಕೇಳಿದ ಅವಳ ಮೊದಲ ದನಿ ಅದು.

ಎಲೆ ಉಗಿದು ಬಂದ ಅಜ್ಜಿಗೆ ಹಾಸ್ಟೆಲಿನ ವಿಷಯ ಬಿಡಿಸಿ ಹೇಳಿದೆ. ಅವರ ಮುಖ ಇಳಿದುಹೋಯಿತು. ಮೊಮ್ಮಗಳನ್ನು ಅವಚಿಕೊಂಡು, “ನಾನ್ ಬದ್ಕಿರೋಗಂಟ ಈ ಕೂಸು ಯಾಕವ್ವಾ ಮಾತಾಡ್ಬೇಕು? ನಾನಿಲ್ವಾ?” ಅಂದರು. ಅಷ್ಟರಲ್ಲಿ ಮೂಲೆಯಿಂದ ತಾತ ಕೆಮ್ಮಿದರು. ಅಜ್ಜಿ ಅತ್ತ ತಿರುಗಿಯೂ ನೋಡದೆ ಬೀಡಿ ಬೆಂಕಿಪಟ್ಟಣ ಆ ಕಡೆ ತಳ್ಳಿದರು.

ತಾತನ ದೂರು

ಹೊರಡುವ ಮೊದಲು ಅಜ್ಜಿಗೆ ಒಂದೇ ಒಂದು ಪಾಠ ಹೇಳಿದ್ದೆ. ಮಗುವಿಗೆ ಬೇಕಾದ್ದನ್ನು ಕೈಯಲ್ಲಿ ಹಿಡಿದು, ನಗುತ್ತಾ, ಸ್ವಲ್ಪ ಕಾಯಿರಿ. ಒಂದು ದನಿ ಮಾಡಿದರೂ ಸಾಕು, ಕೊಟ್ಟು ‘ಜಾಣೆ’ ಅನ್ನಿ. ಅಳಿಸಬೇಡಿ, ಹಟ ಮಾಡಬೇಡಿ. ಇಷ್ಟೇ.

ಮುಂದಿನ ವಾರ ಶಾಲೆಯ ಗೇಟಿನಲ್ಲಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ತಾತ ನಿಂತಿದ್ದರು.

“ಮಿಸ್ಸೇ, ನಂಗೇನ್ ಕಾಯ್ಲೆ ಅಂತ ಯೋಳಿದ್ದೀಯೆ?”

“ನಿಮಗ್ಯಾಕೆ ಕಾಯಿಲೆ ತಾತ?”

“ಮತ್ತ್ಯಾಕೆ ನಮ್ಮನೇವ್ಳು ನಂಗೆ ಕಾಪಿ ಕೊಡಾಕಿಲ್ಲ ಅಂತಳೆ? ಲೋಟ ಇಡ್ಕೊಂಡ್ ನಗ್ತಾ ನಿಂತ್ಕತಳೆ. ನಾನು ಕೆಮ್ಮಿದ್ರೆ ‘ಬಾಯ್ಬುಟ್ ಕೇಳು’ ಅಂತಳೆ. ‘ಕಾಪಿ’ ಅಂದ್ರೆ ‘ಪೂರ್ತಿ ಯೋಳು’ ಅಂತಳೆ. ಮದ್ವೆ ಆದಾಗಿಂದ ಕೆಮ್ಮಿದ್ರೆ ಕಾಪಿ ಬತ್ತಿತ್ತು ಕಣವ್ವಾ!”

ಪಾಠ ಹೇಳಿದ್ದು ಮೊಮ್ಮಗಳಿಗೋಸ್ಕರ. ಅಜ್ಜಿ ಅದನ್ನು ಇಡೀ ಮನೆಗೆ ಕಾನೂನು ಮಾಡಿಬಿಟ್ಟಿದ್ದರು. ವರ್ಷಗಟ್ಟಲೆ ಕೆಮ್ಮಿಗೇ ಎದ್ದು ಓಡಿದ ಕಾಲಿಗೆ ಈಗ ವಿರಾಮ ಸಿಕ್ಕಿತ್ತು. ಅವರು ಬಿಟ್ಟಾರೆಯೇ? ಅಕ್ಕಪಕ್ಕದ ಹೆಂಗಸರು ದಿನಾ ಬೆಳಿಗ್ಗೆ ಪಾತ್ರೆ ತೊಳೆಯುವ ನೆಪದಲ್ಲಿ ಬಂದು, ತಾತ ಕಾಫಿ ಕೇಳುವುದನ್ನು ನೋಡುತ್ತಿದ್ದರಂತೆ.

“ಕೊಡಿಸ್ತೀನಿ ಇರಿ ತಾತ. ಮೊಮ್ಮಗಳು ಏನಾದ್ರೂ ಮಾತಾಡಿದಳಾ?”

“ಅವಳೇ ಕಣವ್ವಾ ದೊಡ್ಡ ಕಾಟ! ಕೆಳಗ್ ಕೂತ್ಕಂಡು ‘ಇನ್ನೊಂದ್ ಕಿತ ಯೋಳು, ಇನ್ನೊಂದ್ ಕಿತ ಯೋಳು’ ಅಂತಳೆ!”

ಗೇಟಿನಲ್ಲೇ ತಾತನ ಎರಡೂ ಕೈ ಹಿಡಿದು ಕುಣಿಯಬೇಕು ಅನ್ನಿಸಿತು. ಓಡಿ ಹೋಗಿ ಹೆಡ್‌ಮಾಸ್ಟರಿಗೆ ಹೇಳಿದರೆ ಅವರು ಒಪ್ಪಲಿಲ್ಲ. “ಮನೇಲಿ ಮಾತಾಡಿದರೆ ನಾನೇನು ತೋರಿಸಲಿ ಮೇಡಂ? ಫೋನಿನಲ್ಲಿ ರೆಕಾರ್ಡ್ ಮಾಡಿಸಿ ತನ್ನಿ” ಅಂದರು. ಹುಡುಗಿಯ ಅಪ್ಪ ಮಾಡಿಕೊಂಡೂ ಬಂದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುತ್ತ ನಿಂತು ಕಿವಿಗೊಟ್ಟೆವು. ಅದರಲ್ಲಿ ಮೊದಲಿನಿಂದ ಕೊನೆವರೆಗೆ ಕೇಳಿಸಿದ್ದು ಅಜ್ಜಿ ಒಬ್ಬರೇ: “ಮಾತಾಡವ್ವಾ, ಮಾತಾಡು, ಮೇಷ್ಟ್ರು ಕೇಳ್ತಾರೆ, ಮಾತಾಡು, ನೋಡಿ ಮೇಷ್ಟ್ರೇ ಎಷ್ಟ್ ಚೆಂದಾಗ್ ಮಾತಾಡ್ತಳೆ.”

ಮೊಟ್ಟೆ ಕೊಡುವ ದಿನ

ಕೊನೆಗೂ ಅಧಿಕಾರಿ ಬಂದರು. ಹೇಳದೆ ಕೇಳದೆ, ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಜೀಪಿನಿಂದ ಇಳಿದರು. ಅವತ್ತು ಮಕ್ಕಳಿಗೆ ಮೊಟ್ಟೆ ಕೊಡುವ ದಿನ.

ಹೆಡ್‌ಮಾಸ್ಟರು ಬೆವರು ಒರೆಸಿಕೊಂಡು, ಜೀಪಿನ ಹತ್ತಿರವೇ ವಿಷಯ ಹೇಳಿಬಿಟ್ಟರು. “ಸಾರ್, ಮಾತೇ ಬರದ ಮಗು ಒಂದಿದೆ. ಹಾಸ್ಟೆಲ್ ಶಾಲೆಗೆ ಕಳಿಸೋಣ ಅಂತ.” ಅಧಿಕಾರಿ, “ಆಯ್ತು, ಊಟದ ರುಚಿ ನೋಡಿ ಆಮೇಲೆ ನೋಡೋಣ, ಕರೆಸಿ” ಅಂದರು. ಶಾಲೆಯಲ್ಲಿ ಅವಳ ಬಾಯಿಂದ ಒಂದಕ್ಷರ ಇನ್ನೂ ಬಂದಿರಲಿಲ್ಲ.

ಅಡುಗೆಯಮ್ಮ ಆ ತಿಂಗಳು ಮೊಟ್ಟೆ ಹಂಚುವ ಕೆಲಸ ಈ ಹುಡುಗಿಗೇ ವಹಿಸಿದ್ದಳು. ಬೇರೆ ಮಕ್ಕಳಾದರೆ ದೊಡ್ಡದು ಚಿಕ್ಕದು ಅಂತ ಜಗಳ ತೆಗೆಯುತ್ತವೆ, ಇವಳಾದರೆ ಬಾಯಿ ಸತ್ತವಳು, ಸುಮ್ಮನೆ ಕೊಡುತ್ತಾಳೆ ಅಂತ ಅಡುಗೆಯಮ್ಮನ ಯೋಚನೆ. ಹುಡುಗಿ ಬೇಸಿನ್ನು ಮುಂದಿಟ್ಟುಕೊಂಡು ನಿಂತಿದ್ದಳು. ಅಧಿಕಾರಿ ಫೋನಿನಲ್ಲಿ ಮಾತಾಡುತ್ತಲೇ ಸಾಲಿನ ಮುಂದೆ ಬಂದು, ಅವಳ ಕಡೆ ನೋಡದೆ ಕೈ ಚಾಚಿದರು.

ಅವಳು ಒಂದು ಮೊಟ್ಟೆ ಎತ್ತಿ ಹಿಡಿದಳು. ಕೊಡಲಿಲ್ಲ. ಹುಬ್ಬು ಮೇಲೆ ಮಾಡಿ, ನಗುತ್ತಾ, ಅವರ ಮುಖವನ್ನೇ ನೋಡುತ್ತಾ ಕಾದಳು.

ಅಧಿಕಾರಿ ಫೋನ್ ಬಿಡದೆ ಬೆರಳು ಅಲ್ಲಾಡಿಸಿದರು. ಅವಳು ಮೊಟ್ಟೆ ಹಿಂದಕ್ಕೆ ಎಳೆದುಕೊಂಡಳು. ಹೆಡ್‌ಮಾಸ್ಟರು ಪಿಸುಗುಟ್ಟಿದರು, “ಕೊಡವ್ವಾ, ಕೊಟ್ಬಿಡು ತಾಯಿ.” ಅವಳು ಜಗ್ಗಲಿಲ್ಲ. ಅಧಿಕಾರಿ ಸಹನೆ ಕೆಟ್ಟು ಗಂಟಲು ಸರಿಮಾಡಿಕೊಂಡು ಕೆಮ್ಮಿದರು.

ಅವರು ಕೆಮ್ಮಬಾರದಿತ್ತು.

“ಬಾಯ್ಬುಟ್ ಕೇಳು!”

ಇಡೀ ವರಾಂಡಕ್ಕೆ ಕೇಳಿಸಿತು. ಅಡುಗೆಯಮ್ಮನ ಸೌಟು ಸಾರಿನೊಳಗೆ ಮುಳುಗಿತು. ಮಕ್ಕಳು ತುತ್ತು ಬಾಯಲ್ಲಿಟ್ಟುಕೊಂಡೇ ತಿರುಗಿ ನೋಡಿದವು. ಅಧಿಕಾರಿ ಫೋನ್ ಕಟ್ ಮಾಡಿದರು.

“ಏನಂದೆ ಪುಟ್ಟಿ?”

“ಏನ್ ಬೇಕು ಅಂತ ಬಾಯ್ಬುಟ್ ಕೇಳು.”

“ಮೊಟ್ಟೆ.”

“ಪೂರ್ತಿ ಯೋಳು.”

ಅಧಿಕಾರಿ ಒಮ್ಮೆ ಹೆಡ್‌ಮಾಸ್ಟರನ್ನು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಒಂದನೇ ಕ್ಲಾಸಿನ ಹುಡುಗನ ಹಾಗೆ ನೆಟ್ಟಗೆ ನಿಂತು, “ನನಗೆ ಒಂದು ಮೊಟ್ಟೆ ಬೇಕು” ಅಂದರು.

“ಜಾಣ!” ಅಂದಳು. ಮೊಟ್ಟೆಯನ್ನು ಅವರ ಅಂಗೈಗಿಟ್ಟು, ಆ ಕೈಯನ್ನು ಮೆಲ್ಲಗೆ ತಟ್ಟಿದಳು.

ನಾನು ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ. ಕಣ್ಣಿಗೆ ಒಲೆಯ ಹೊಗೆ ಹೋಯಿತು ಅಂತ ಅಡುಗೆಯಮ್ಮನಿಗೆ ಹೇಳಿದೆ. ಒಲೆ ಗ್ಯಾಸಿನದು ಅಂತ ಅವಳು ನೆನಪಿಸಿದಳು.

ಅಧಿಕಾರಿ ನಿಂತಲ್ಲೇ ಮೊಟ್ಟೆ ಸುಲಿದು ತಿಂದರು. ಕೈ ಒರೆಸಿಕೊಂಡು, “ಮೇಷ್ಟ್ರೇ, ಮಾತೇ ಬರದ ಮಗು ಇದೆ ಅಂದ್ರಲ್ಲ, ಎಲ್ಲಿ? ಕರೀರಿ, ನೋಡೇಬಿಡೋಣ” ಅಂದರು.

ಹೆಡ್‌ಮಾಸ್ಟರು ಬೇಸಿನ್ನಿನ ಕಡೆ ನೋಡಿದರು. ಅಲ್ಲಿ ಹುಡುಗಿ ಸೊಂಟದ ಮೇಲೆ ಕೈಯಿಟ್ಟು, ಐದನೇ ಕ್ಲಾಸಿನ ದಾಂಡಿಗನೊಬ್ಬನಿಗೆ “ಪೂರ್ತಿ ಯೋಳ್ಲಾ” ಅಂತ ಗದರಿಸುತ್ತಿದ್ದಳು. ಅವರು ನನ್ನ ಕಡೆ ನೋಡಿದರು.

“ಆ ಮಗು ಇವತ್ತು ಬಂದಿಲ್ಲ ಸಾರ್.”