ಟಿಕೋಟಾದ ಧೂಳಿಗೆ ಹನ್ನೆರಡು ಜೋಡಿ ಹಾಳೆ

ಧೂಳು ಕೂಡಿಸಲು ಹೊರಟವನಿಗೆ ನಗುವಂಥ ಪ್ರಸಂಗಗಳು ತಾವಾಗಿಯೇ ಗಂಟುಬೀಳುತ್ತವೆ.

ನನ್ನ ಹೆಂಡತಿ ವಿಜಯಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಗಾಳಿಯಲ್ಲಿ ತೇಲುವ ಕಣಗಳು ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತು ಅದರ ಮೈಯನ್ನು ಹೇಗೆ ಬದಲಿಸುತ್ತವೆ ಎಂಬುದು ಅವಳ ಸಂಶೋಧನೆ. ಟಿಕೋಟಾದ ನಮ್ಮ ಮಾಳಿಗೆಯ ಮೇಲೆ ಮೆಟ್ಟಿಲಿನಂಥ ಚೌಕಟ್ಟು ನಿಲ್ಲಿಸಿ, ಅಂಗೈಯಗಲದ ಹನ್ನೆರಡು ಜೋಡಿ ಹಾಳೆ ಬಿಗಿದಳು: ಕೆಳಗೊಂದು ಸಾಲು, ಮೇಲೊಂದು ಸಾಲು, ಒಂದು ಕೆಟ್ಟರೆ ಅದರ ಜೋಡಿ ಇರಲೆಂದು. ಅವಳು ನನಗಿಂತ ಎತ್ತರ. ಮೇಲಿನ ಸಾಲು ಬಿಚ್ಚಲು ನನಗೆ ಸ್ಟೂಲು ಬೇಕು. ತಿಂಗಳಿಗೊಂದು ಜೋಡಿ ಬಿಚ್ಚಬೇಕಿತ್ತು. ಮೊದಲ ತಿಂಗಳು ತುಂಬುವ ಮೊದಲೇ ಅವಳು ತೀರಿಕೊಂಡಳು. ಹನ್ನೆರಡೂ ತಿಂಗಳ ಹಾಳೆ ಸಿಕ್ಕರೆ ಪ್ರಬಂಧ ಅವಳ ಹೆಸರಿನಲ್ಲೇ ಬರುತ್ತದೆ ಎಂದು ಅವಳ ಶಿಷ್ಯೆ ಹೇಳಿದಳು. ಬಿಚ್ಚುವ ಕೆಲಸ ನನ್ನದಾಯಿತು.

೧. ಜವಾನನ ಯಂತ್ರ

ನಾನು ಬಬಲೇಶ್ವರದ ಶಾಲೆಯೊಂದರಲ್ಲಿ ಮಾಸ್ತರ. ಮೊದಲ ತಿಂಗಳ ಕೆಳಗಿನ ಹಾಳೆಯನ್ನು ಸಂಜೆ ವಿಜಯಪುರಕ್ಕೆ ಒಯ್ಯಲೆಂದು ಮೇಜಿನ ಮೇಲಿಟ್ಟು ಪಾಠಕ್ಕೆ ಹೋದೆ. ಬಂದು ನೋಡಿದರೆ ಕನ್ನಡಿಯಂತೆ ಹೊಳೆಯುತ್ತಿದೆ. ಪಕ್ಕದಲ್ಲಿ ಜವಾನ ಹೆಮ್ಮೆಯಿಂದ ನಿಂತಿದ್ದಾನೆ.

“ಒರಸಿದೇನಪಾ?”

“ಹೂನ್ರಿ ಸರ್. ಒಂದ ತಿಂಗಳದ ಧೂಳ ಕುಂತಂಗ ಇತ್ರಿ.”

ಪುಣ್ಯಕ್ಕೆ ಮೇಲಿನ ಹಾಳೆ ಮನೆಯಲ್ಲಿತ್ತು. ಆದರೆ ಯಾವ ಯಂತ್ರವೂ ಇಲ್ಲದೆ ಧೂಳಿನ ವಯಸ್ಸನ್ನು ಇಷ್ಟು ಕರಾರುವಾಕ್ಕಾಗಿ ಹೇಳಿದವನನ್ನು ನಾನು ಮತ್ತೆ ಕಂಡಿಲ್ಲ.

೨. ಡಬ್ಬಿಯೊಳಗೇನು?

ಅಂದಿನಿಂದ ಹಾಳೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ತೊಡೆಯ ಮೇಲಿಂದ ಇಳಿಸಲಿಲ್ಲ. ಒಂದು ಸಲ ಬಸ್ಸಿನಲ್ಲಿ ಪಕ್ಕದ ಅಜ್ಜ ತಡೆಯಲಾರದೆ ಕೇಳಿದ:

“ಏನ್ ತಂದೀರಿ ಮಾಸ್ತರ? ಉಂಡಿ ಏನು?”

“ಅಲ್ರಿ ಅಜ್ಜಾರ, ಧೂಳು.”

“ಯಾ ಊರಿಂದು?”

“ಟಿಕೋಟಾದ್ದು.”

ಅಜ್ಜ ಕಿಟಕಿಯಾಚೆ ನೋಡಿದ. ಗೋಳಗುಮ್ಮಟ ಧೂಳಿನಲ್ಲಿ ಮಸುಕಾಗಿ ಕಾಣುತ್ತಿತ್ತು. “ಒಯ್ರಿ, ಒಯ್ರಿ. ಬಿಜಾಪುರದಾಗ ಅದೊಂದ ಕಡಿಮಿ ಬಿದ್ದಿತ್ತು!”

೩. ಕಡೆಯ ಹಾಳೆ

ಹನ್ನೆರಡನೆಯ ತಿಂಗಳು ಕೆಳಗಿನ ಹಾಳೆ ಕೊಟ್ಟು ಬಂದೆ. ಮರುದಿನ ಶಿಷ್ಯೆಯ ಫೋನು. “ಸರ್! ಹನ್ನೊಂದರಾಗೂ ಇಲ್ಲದಷ್ಟು ಪೊಟ್ಯಾಶಿಯಂ ಐತ್ರಿ, ಬೂದ್ಯಾಗ ಇರತೈತಲ್ರಿ, ಅದು! ನಿಮ್ಮೂರ ಗಾಳ್ಯಾಗ ಏನೋ ದೊಡ್ಡದು ಆಗೇತಿ. ಯಾರರ ಏನರ ಸುಟ್ಟಾರೇನ್ ಕೇಳ್ರಿ!”

ಹೊಸ ಸಂಗತಿ! ಹೆಂಡತಿಗೆ ಹೇಳಲೆಂದು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟೇಬಿಟ್ಟಿದ್ದೆ. ನಿಂತೆ. ತಿರುಗಿ ಮಾಳಿಗೆ ಹತ್ತಿದೆ. ಪಕ್ಕದ ಮನೆಯಾಕೆ ಅಲ್ಲಿ ಸಂಡಿಗೆ ಹಾಕುತ್ತಿದ್ದಳು.

“ಯವ್ವಾ, ಈ ತಿಂಗಳ ಯಾರರ ಕಬ್ಬಿನ ಒಣಗಿದ ರವದಿ ಸುಟ್ಟಾರೇನು? ಹಾಳಿ ಮ್ಯಾಲ ಬೂದಿ ಸಿಕ್ಕೈತಿ.”

ಆಕೆಯ ಮುಖ ಅರಳಿತು. “ಸಿಕ್ತರಿ? ನಾನ ಹಾಕೀನ್ರಿ!”

ನಾನು ಸಂಡಿಗೆಯ ಪಕ್ಕದಲ್ಲೇ ಕೂತುಬಿಟ್ಟೆ.

“ಇದ ಕಡೀ ಹಾಳಿ ಅಂದಿದ್ರಿ. ನೋಡಿದ್ರ ವರ್ಷಾದ್ರೂ ಧೂಳ ಭಾಳ ಕುಂತಿದ್ದಿಲ್ಲ. ಅಕ್ಕಾರ ಹೆಸರ ಹೋಗಬಾರದಂತ ದಿನಾ ಒಂದ ಚಿಟಿಕಿ ಒಲಿ ಬೂದಿ ಉದುರಿಸೀನ್ರಿ.”

“ಎರಡಕ್ಕೂ ಹಾಕಿಯೇನು?”

“ಇಲ್ರಿ,” ಆಕೆ ತಪ್ಪೊಪ್ಪಿಕೊಳ್ಳುವಂತೆ ತಲೆ ತಗ್ಗಿಸಿದಳು. “ಮ್ಯಾಲಿಂದ ಎಟುಕಲಿಲ್ಲ. ಅಕ್ಕಾರು ಉದ್ದ ಇದ್ರಲ್ರಿ.”

ಮೇಲಿನ ಹಾಳೆ ಅಂದೇ ಡಬ್ಬಿಯಲ್ಲಿ ವಿಜಯಪುರ ಸೇರಿತು. ಹನ್ನೆರಡೂ ಕೂಡಿದವು. ಸುದ್ದಿ ಹೇಳಿದಾಗ ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದಳು:

“ಮುಂದಿನ ಸಲ ಆ ಸ್ಟೂಲ್ ಮಾಳಿಗಿ ಮ್ಯಾಲ ಬಿಟ್ಟ ಹೋಗ್ರಿ ಮಾಸ್ತರ, ಎರಡಕ್ಕೂ ಹಾಕತೀನಿ.”