ಟೇಪ್ ಹಚ್ಚಿದ ಆರನೇ ಪುಸ್ತಕ

ಡೊಂಬಿವಲಿ ಪೂರ್ವದಲ್ಲಿ ಹದಿನೆಂಟು ವರ್ಷ ಬಾಡಿಗೆ ಪುಸ್ತಕಗಳ ಲೈಬ್ರರಿ ನಡೆಸಿದವಳು ನಾನು. ಪುಸ್ತಕ ಓದಿ ನಕ್ಕಿದ್ದಕ್ಕಿಂತ ಪುಸ್ತಕ ಒಯ್ಯುವವರನ್ನು ನೋಡಿ ನಕ್ಕಿದ್ದೇ ಹೆಚ್ಚು. ನಗು ಬರುವಂಥದ್ದು ಏನೂ ನಡೆಯದ ವಾರ ಅಂದರೆ ನಾನು ಊರಿಗೆ ಹೋಗಿ ಬಾಗಿಲು ಹಾಕಿದ್ದ ವಾರ, ಅಷ್ಟೇ.

ಅದರಲ್ಲೂ ಒಂದು ಪುಸ್ತಕ ನನ್ನನ್ನು ಕುಣಿಸಿದಷ್ಟು ಬೇರೆ ಯಾವುದೂ ಕುಣಿಸಲಿಲ್ಲ. ಗ್ರೀಕ್ ದೇವರುಗಳನ್ನು ಇಟ್ಟುಕೊಂಡು ಹರೆಯದ ಮಕ್ಕಳಿಗಾಗಿ ಬರೆದ ಇಂಗ್ಲಿಷ್ ಸರಣಿ ಅದು. ನಾಯಕಿ ಹದಿಮೂರು ವರ್ಷದವಳು. ಅವಳಪ್ಪ ಒಬ್ಬ ದೇವರು, ಕಾಲಿಗೆ ರೆಕ್ಕೆ ಕಟ್ಟಿಕೊಂಡು ಉಳಿದ ದೇವರುಗಳ ಸಂದೇಶ ಹೊತ್ತು ತಿರುಗುವವನು. ಲೋಕಕ್ಕೆಲ್ಲ ಸುದ್ದಿ ಮುಟ್ಟಿಸುತ್ತಾನೆ, ಮನೆಗೆ ಮಾತ್ರ ಬರುವುದಿಲ್ಲ. ಐದು ಪುಸ್ತಕಗಳ ಉದ್ದಕ್ಕೂ ಆ ಹುಡುಗಿ ಅಪ್ಪನನ್ನು ಹುಡುಕುತ್ತಾಳೆ. ಆರನೆಯದು, ಕೊನೆಯದು, ಬರಲಿದೆ ಎಂದು ಗೊತ್ತಾದ ದಿನದಿಂದ ನನ್ನ ಮೇಜಿನ ಮುಂದೆ ಕ್ಯೂ.

೧. ಗ್ಯಾರಂಟಿ

ಮೊದಲು ಬಂದವರು ಒಬ್ಬ ತಾಯಿ. ಮಗನಿಗೆ ಹತ್ತನೇ ಕ್ಲಾಸು. ಹೆಸರು ಬರೆಸುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಬೇರೆಯೇ.

"ಇದು ಕೊನೆಯದು ಹೌದಲ್ಲ?"

"ಹೌದು."

"ಆಮೇಲೆ ಏಳನೆಯದು ಅಂತ ಬರಲಿಕ್ಕಿಲ್ಲ?"

"ಇಲ್ಲ, ಇಲ್ಲಿಗೆ ಮುಗಿಯಿತು ಅಂತ ಹಾಕಿದ್ದಾರೆ."

"ಹಾಗಾದ್ರೆ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡಿ. ಮನೆಯಲ್ಲಿ ದೇವರ ಮುಂದೆ ಇಡ್ತೇನೆ."

ಬರೆದು ಕೊಟ್ಟೆ. ಮಾರನೇ ದಿನ ಪೇಢಾ ತಂದರು.

೨. ಟೇಪು

ಪುಸ್ತಕ ಬಂತು, ಒಂದೇ ಪ್ರತಿ. ಪಟ್ಟಿಯಲ್ಲಿ ಮೊದಲ ಹೆಸರು ಎಂಐಡಿಸಿ ಬಡಾವಣೆಯ ಒಬ್ಬ ಎಂಟನೇ ಕ್ಲಾಸಿನ ಹುಡುಗಿಯದು. ಕುಂದಾಪುರದ ಮನೆಯವರು. ಅಪ್ಪ ಹಡಗಿನಲ್ಲಿ ಎಂಜಿನಿಯರ್. ಹೋದರೆ ಎಂಟು ತಿಂಗಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ.

ಒಂದು ವಾರ ಕಳೆದು ಪುಸ್ತಕ ತಂದಳು. ಮೇಲೆ ವೃತ್ತಪತ್ರಿಕೆ ಸುತ್ತಿ, ನಾಲ್ಕೂ ಬದಿಗೆ ಕಂದು ಟೇಪ್ ಹಚ್ಚಿತ್ತು.

"ಇದೇನು?"

"ರಿನ್ಯೂ ಕರ್ನಾ ಹೈ, ಆಂಟಿ."

"ಓದಿಲ್ವಾ?"

ಇಲ್ಲವಂತೆ. ಐದು ಪುಸ್ತಕವನ್ನೂ ಅಪ್ಪ, ಮಗಳು ಒಟ್ಟಿಗೇ ಓದಿದ್ದಂತೆ, ಒಂದು ಅಧ್ಯಾಯ ಇವಳು, ಒಂದು ಅವರು. ಆರನೆಯದನ್ನೂ ಹಾಗೆಯೇ ಓದುವುದು ಎಂದು ಹೊರಡುವಾಗ ಮಾತು ಕೊಟ್ಟು ಹೋಗಿದ್ದರು. ಅವರು ಬರುವುದು ಇನ್ನೂ ಎರಡು ತಿಂಗಳಿಗೆ. ಪುಸ್ತಕ ಬಿಟ್ಟರೆ ಮತ್ತೆ ಸಿಗುವ ಹೊತ್ತಿಗೆ ಅಪ್ಪ ವಾಪಸ್ ಹಡಗು ಹತ್ತಿರುತ್ತಾರೆ. ಅದಕ್ಕೇ ಟೇಪು. ಕೈ ಸುಮ್ಮನಿರುವುದಿಲ್ಲವಲ್ಲ.

ಹಿಂದೆ ಹದಿನೇಳು ಜನ ಕಾಯುತ್ತಿದ್ದರು. ಆದರೂ ನಾನು ಸೀಲು ಒತ್ತಿದೆ. ಆ ಮುಖ ನೋಡಿ ಒತ್ತದೇ ಇರುವುದು ಹೇಗೆ?

ಎರಡನೇ ವಾರ ಬಂದಳು. ಕಂದು ಟೇಪು. ಮೂರನೇ ವಾರವೂ ಕಂದು ಟೇಪು. ನಾಲ್ಕನೇ ವಾರ ಬಂದಾಗ ಬಿಳಿ ಟೇಪು.

ನಾನು ಟೇಪು ನೋಡಿದೆ. ಅವಳು ಫ್ಯಾನ್ ನೋಡಿದಳು.

"ಪುರಾನೇ ವಾಲೇ ಕಾ ಗಮ್ ನಿಕಲ್ ಗಯಾ ಥಾ, ಆಂಟಿ."

"ಹೌದೌದು, ಸೆಖೆ ಜಾಸ್ತಿ, ಹಳೆಯದರ ಅಂಟು ಬಿಟ್ಟೇ ಬಿಡ್ತದೆ," ಎಂದೆ. ಜನವರಿ ಅದು.

೩. ಸಮುದ್ರದ ಆಚೆಯಿಂದ

ಇದನ್ನು ಹೇಳಿದವರು ಅವಳಮ್ಮ. ಹಡಗಿನಿಂದ ಫೋನ್ ಬಂದರೆ ಇಲ್ಲಿ ಆಡಿದ ಮಾತು ಅಲ್ಲಿ ಕೇಳಲು ಎರಡು-ಮೂರು ಸೆಕೆಂಡ್ ಬೇಕಿತ್ತಂತೆ. ಅಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿ? ಒಂದು ಪ್ರಶ್ನೆಗೆ ಉತ್ತರ ಮುಟ್ಟುವುದರೊಳಗೆ ಇನ್ನೊಂದು ಕೇಳಿರುತ್ತಿದ್ದರು.

ಆ ಸಲ "ಪುಸ್ತಕ ಓದಿದ್ಯಾ?" ಎಂದು ಕೇಳಿದರು. ಉತ್ತರ ಬರಲಿಲ್ಲ.

"ಅಮ್ಮ ಹುಷಾರಿದ್ದಾಳಾ?" ಎಂದರು.

ಆಗ ಮಗಳ ದನಿ ಮುಟ್ಟಿತು: "ನಹೀ ಪಪ್ಪಾ, ಬಿಲ್ಕುಲ್ ನಹೀ!"

ಅವರು ಕೂಗಿಯೇ ಬಿಟ್ಟರು. "ಏನಾಯ್ತು? ಡಾಕ್ಟರ್ ಏನಂದ್ರು?"

ಎರಡನೇ ಪ್ರಶ್ನೆಗೆ ಕೊಟ್ಟ ಉತ್ತರ ಆಗ ಬಂತು: "ಏಕ್‌ದಮ್ ಮಸ್ತ್!"

ಲೈನ್ ಕಟ್ಟಾಯಿತು. ಮರುದಿನ ಮುಂಜಾನೆ, ಅಣ್ಣನ ಸಂದೇಶ ಸಿಕ್ಕಿ, ಅವರ ತಮ್ಮ ಕೋಪರಖೈರಣೆಯಿಂದ ಎಳನೀರು, ಮೋಸಂಬಿ ಹಿಡಿದುಕೊಂಡು ಓಡಿ ಬಂದ. ಅತ್ತಿಗೆ ಗ್ಯಾಲರಿಯಲ್ಲಿ ನಿಂತು ಚಾದರ ಕೊಡವುತ್ತಿದ್ದರು.

೪. ಕಲ್ಯಾಣ ದರ್ಶನ

ಕಾಯುತ್ತಿದ್ದ ಹದಿನೇಳು ಮಂದಿ ನನ್ನನ್ನು ಹಾದಿಯಲ್ಲಿ ತಡೆದು ಕೇಳತೊಡಗಿದರು. ಕೊನೆಗೆ ನಾನೇ ವಾಶಿಗೆ ಹೋಗಿ ಇನ್ನೊಂದು ಪ್ರತಿ ತಂದೆ. ಠಾಣೆಯಲ್ಲಿ ಕಲ್ಯಾಣದ ಸ್ಲೋ ಲೋಕಲ್ ಹತ್ತಿ, ಕಿಟಕಿ ಸೀಟು ಸಿಕ್ಕಿತೆಂದು ಸುಮ್ಮನೆ ಮೊದಲ ಪುಟ ತೆರೆದೆ.

ಕಳವಾ ದಾಟಿರಬೇಕು, ಪಕ್ಕದಲ್ಲಿದ್ದ ಆಫೀಸಿನ ಹೆಂಗಸು ಮೆಲ್ಲಗೆ ನನ್ನ ಮೊಣಕೈ ತಟ್ಟಿದಳು. "ಪಲಟಾ ನಾ, ಮಾಝಂ ವಾಚೂನ್ ಝಾಲಂ."

ಪುಟ ತಿರುಗಿಸಬೇಕಂತೆ, ಅವಳದು ಓದಿ ಆಯಿತಂತೆ! ಮುಂದೆ ಇಬ್ಬರೂ ಒಟ್ಟಿಗೇ ಓದಿದೆವು, ನಾಯಕಿ ಅಪ್ಪನನ್ನು ಹುಡುಕುತ್ತ ಪಾತಾಳಕ್ಕೆ ಇಳಿಯುವವರೆಗೆ. ಮುಂಬ್ರಾದಲ್ಲಿ ಅವಳು ಇಳಿಯಬೇಕಿತ್ತು. ಇಳಿದಳು, ಆದರೆ ಪ್ಲಾಟ್‌ಫಾರ್ಮ್‌ ಮೇಲೆ ಕಿಟಕಿಯ ಜೊತೆಗೇ ನಡೆಯುತ್ತ ಕೇಳಿದಳು, "ಭೇಟತೋ ಕಾ ತೋ? ಬಾಪ್ ಭೇಟತೋ ಕಾ ತಿಲಾ?"

ಅಪ್ಪ ಸಿಗುತ್ತಾನಾ ಅವಳಿಗೆ? ನನಗೂ ಗೊತ್ತಿರಲಿಲ್ಲ. ಗಾಡಿ ಹೊರಟಿತು. ಅವಳ ಮುಖ ಹಿಂದೆ ಸರಿಯಿತು. ನನ್ನಪ್ಪ ತೀರಿಕೊಂಡು ಆಗ ಆರು ವರ್ಷ. ಯಾಕೋ ಕಣ್ಣು ಮಂಜಾಯಿತು. ಮತ್ತೆ ಪುಸ್ತಕಕ್ಕೆ ತಲೆ ಹಾಕಿದವಳು ಎತ್ತಿದಾಗ ಡೊಂಬಿವಲಿ ಯಾವಾಗಲೋ ದಾಟಿತ್ತು, ಡಬ್ಬಿ ಖಾಲಿ.

ಗಂಡನಿಗೆ ಫೋನ್ ಮಾಡಿದೆ. "ನಾನು ಕಲ್ಯಾಣದಲ್ಲಿದ್ದೇನೆ."

"ಕಲ್ಯಾಣದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ. ಅವಳಿನ್ನೂ ಪಾತಾಳದಲ್ಲೇ ಇದ್ದಾಳೆ."

ಅವರು ದನಿ ಮೆತ್ತಗೆ ಮಾಡಿ ಹೇಳಿದರು, "ನೀನು ಅಲ್ಲೇ ನಿಲ್ಲು. ಎಲ್ಲಿಗೂ ಹೋಗಬೇಡ. ನಾನು ಬಂದು ಕರ್ಕೊಂಡು ಹೋಗ್ತೇನೆ."

೫. ಅಪ್ಪ ಬಂದರು

ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ಹುಡುಗಿ ಅಪ್ಪನ ಕೈ ಹಿಡಿದು ಎಳೆದುಕೊಂಡೇ ಬಂದಳು. ಎತ್ತರದ ಆಳು, ಬಿಸಿಲಿಗೆ ಕಪ್ಪಾಗಿದ್ದರು. ಮಗಳು ತನ್ನ ಹೆಗಲಿನವರೆಗೆ ಬೆಳೆದದ್ದನ್ನು ಪದೇ ಪದೇ ನೋಡಿಕೊಳ್ಳುತ್ತಿದ್ದರು. ಮನೆ ತುಂಬ ನೆಂಟರಂತೆ, ಓದಲು ಜಾಗವಿಲ್ಲವಂತೆ.

"ಇಲ್ಲೇ ಕೂತು ಓದಲಾ ಮೇಡಂ?" ಎಂದರು.

ಮೂಲೆಯ ಬೆಂಚು ಬಿಟ್ಟುಕೊಟ್ಟೆ. ಅಪ್ಪ ಜೇಬಿನ ಕತ್ತರಿಯಿಂದ ಟೇಪು ಕತ್ತರಿಸಿದರು. ಮಗಳು ಆ ಪುಸ್ತಕವನ್ನು ಜನ್ಮದಲ್ಲಿ ಮೊದಲ ಸಲ ನೋಡುವವಳ ಹಾಗೆ ಮೂಸಿದಳು. ನಾನು ರಿಜಿಸ್ಟರಿನಲ್ಲಿ ಮುಖ ಮುಚ್ಚಿಕೊಂಡೆ.

ಓದು ಶುರುವಾಯಿತು. ಒಂದು ಅಧ್ಯಾಯ ಅವಳು, ಒಂದು ಅವರು. ಅಪ್ಪ ಓದುವಾಗ ಮಗಳು "ಹಾ!", "ಬಾಪ್‌ರೇ!" ಎಂದು ಬೆಚ್ಚುತ್ತಿದ್ದಳು. ಎಂಥ ನಟನೆ! ಪಾಪ ಆ ಮನುಷ್ಯನಿಗೆ ಏನೂ ಗೊತ್ತಿಲ್ಲ ಎಂದು ನನಗೇ ಅಯ್ಯೋ ಅನಿಸಿತು. ಸಂಜೆಯಾಗಿ ದೀಪ ಹಚ್ಚಿದರೂ ಇಬ್ಬರೂ ಏಳಲಿಲ್ಲ. ಅವರು ನೀರು ಕುಡಿದದ್ದೂ ಓದುತ್ತಲೇ. ಮುಂದಿನ ಹಡಗು ಯಾವಾಗ ಎಂದು ಕೇಳಲು ನನಗೆ ಮನಸ್ಸಾಗಲಿಲ್ಲ.

ಕೊನೆಯ ಅಧ್ಯಾಯ ಮಗಳ ಪಾಳಿಗೆ ಬಂತು. ನಾಯಕಿ ಸಮುದ್ರದಂಚಿನ ದೀಪಸ್ತಂಭ ಹತ್ತಿದ್ದಾಳೆ. ಮುಂದೆ ಮುಚ್ಚಿದ ಬಾಗಿಲು. ಹುಡುಗಿಯ ದನಿ ಸಣ್ಣಗಾಯಿತು. ನಾಯಕಿ ಬಾಗಿಲಿಗೆ ಕೈ ಇಟ್ಟಳು. ಬಾಗಿಲನ್ನು ಮೆಲ್ಲಗೆ...

"ಅಯ್ಯೋ ದೇವರೇ, ಅವಳಪ್ಪ!" ಎಂದು ಅಪ್ಪ ಎದೆ ಹಿಡಿದುಕೊಂಡರು. ಕಣ್ಣಲ್ಲಿ ನಿಜವಾದ ನೀರು.

ಮಗಳು ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ತಲೆ ಎತ್ತಿದಳು. ಅಂದು ಮೊದಲ ಸಲ ಅವಳ ಬಾಯಿಂದ ಪೂರ್ತಿ ಕನ್ನಡ ಬಂತು.

"ಪಪ್ಪಾ, ಅವಳಪ್ಪ ಬರೋದು ಮುಂದಿನ ಪುಟದಲ್ಲಿ."

ಅಪ್ಪನ ಕೈ ಎದೆಯ ಮೇಲೆಯೇ ನಿಂತಿತು. ಹಡಗಿನಲ್ಲಿ ಕದ್ದು ಓದಿದ ಮುಖ ಹೇಗಿರುತ್ತದೆ ಎಂದು ನಾನು ಆಗಲೇ ನೋಡಿದ್ದು. ಎರಡು ಸೆಕೆಂಡು ಕಳೆಯಿತು, ಮೂರು ಸೆಕೆಂಡು ಕಳೆಯಿತು. ಆಮೇಲೆ ಅವರ ಹುಬ್ಬು ಮೇಲೇರಿತು.

"ಅಲ್ಲ ಮಗಾ, ಮುಂದಿನ ಪುಟದಲ್ಲಿ ಅಂತ ನಿಂಗೆ ಹೆಂಗೆ ಗೊತ್ತು?"